ಮಲಾಕಾದೊಳಗೊಂದು ಕಲ್ಯಾಣದ ವಾಡೆ

ಹುಮನಾಬಾದ್

ಮಲೇಶಿಯಾಕ್ಕೆ ಹೋಗಿ ಬಂದೆ ಅಂದರೆ ನಮ್ಮೂರ ಮಂದಿ ಮೊದಲು ಕೇಳುವುದು ಕ್ವಾಲಾಲಂಪುರದ ಆ ಜೋಡಿ ಗೋಪುರಗಳ ಬಗ್ಗೆ. ನೋಡಿದೆ, ಕತ್ತು ನೋವು ಬಂತು. ಅವುಗಳ ಬಗ್ಗೆ ಅದಕ್ಕಿಂತ ಹೆಚ್ಚು ಹೇಳಲು ನನಗೆ ಏನೂ ಇಲ್ಲ. ನನಗೆ ಅಲ್ಲಿ ಸಿಕ್ಕದ್ದು ಒಂದು ಹಳೇ ಮನೆ, ಒಂದು ಕಟ್ಟು ಬಂಗಾರದ ಕಾಗದ ಮತ್ತು ಇವತ್ತಿಗೂ ಪೂರ್ತಿ ಬಗೆಹರಿಯದ ಗೊಂದಲ.

ನನ್ನದು ಹುಮನಾಬಾದಿನಲ್ಲಿ ಲಗ್ನಪತ್ರಿಕೆ ಅಚ್ಚು ಹಾಕುವ ಅಂಗಡಿ. ನಮ್ಮ ಕಡೆ ಇದಕ್ಕೆ ಛಾಪಖಾನಾ ಅನ್ನುತ್ತಾರೆ, ನನ್ನನ್ನು ಛಾಪಾ ಸಾವಕಾರ ಅಂತಲೇ ಕರೆಯುತ್ತಾರೆ. ಎರಡು ಸಾವಿರದ ಇಸವಿ ದಾಟಿ ಸ್ವಲ್ಪ ಕಾಲವಾಗಿತ್ತು. ನಾನು ಕಾಗದ ತರುವ ಹೈದರಾಬಾದಿನ ಠೋಕ್, ಅಂದರೆ ಸಗಟು ವ್ಯಾಪಾರಿ, ಆ ವರ್ಷ ಹೆಚ್ಚು ಮಾಲು ಎತ್ತಿದ ಗಿರಾಕಿಗಳನ್ನು ಹೆಂಡತಿ ಸಮೇತ ಮಲೇಶಿಯಾಕ್ಕೆ ಕರೆದೊಯ್ಯುತ್ತೇನೆ ಅಂದ. ನಾನು ಅಷ್ಟು ಮಾಲು ಎತ್ತಿದ್ದೆನೋ, ಅವನೇ ಲೆಕ್ಕ ತಪ್ಪಿದ್ದನೋ ಗೊತ್ತಿಲ್ಲ, ನನ್ನ ಹೆಸರೂ ಬಂತು.

ಹೊರಡುವ ಮುಂಚೆ ಬಸವಕಲ್ಯಾಣದಿಂದ ಅಣ್ಣ ಬಂದ. ಕಲ್ಯಾಣದ ಪೇಟೆಯಲ್ಲಿ ಅವನದು ತೊಗರಿ ಅಡತಿ, ದಲಾಲಿ ಅಂಗಡಿ. ಊರೊಳಗೆ ನಮ್ಮಿಬ್ಬರ ಪಾಲಿನ ಹಳೇ ವಾಡೆ ಇದೆ. ಕಲ್ಲಿನ ದರ್ವಾಜಾ, ಅದರ ಮೇಲೆ ಓಣಿಯ ಕಡೆ ಕಿಟಕಿಗಳಿರುವ ದಿವಾನಖಾನೆ, ಒಳಗೆ ಅಂಗಳ, ಸುತ್ತ ಪಡಸಾಲೆ. ನಾವು ಅದರಲ್ಲಿ ಇರುವುದು ಬಿಟ್ಟು ಬಹಳ ಕಾಲವಾಗಿ, ಈಗ ಅಲ್ಲಿ ತೊಗರಿಯ ಚೀಲಗಳಿರುತ್ತವೆ. ಅಣ್ಣನ ವಿಚಾರ ಸರಳವಾಗಿತ್ತು. ಶರಣರ ಜಾಗಗಳನ್ನು ನೋಡಲು ಕಲ್ಯಾಣಕ್ಕೆ ಮಂದಿ ಬರುತ್ತಾರೆ, ಉಳಿಯಲು ನೆಟ್ಟಗೆ ಜಾಗವಿಲ್ಲ. ವಾಡೆ ಕೆಡವಿ ಲಾಡ್ಜ್ ಕಟ್ಟೋಣ. ಗುತ್ತೇದಾರನಿಗೆ ಮಾತು ಕೊಟ್ಟಾಗಿತ್ತು. ನಾವು ವಾಪಸು ಬರುವ ಸೋಮವಾರವೇ ಅವನ ಯಂತ್ರ ಬರುವುದಿತ್ತು.

"ನೀ ಡಿಸೈನಿನ ಮನಷ್ಯಾ. ಅಲ್ಲಿ ಲಾಡ್ಜ್ ಹ್ಯಾಂಗ ಕಟ್ಯಾರ ನೋಡಿ, ಫೋಟೋ ಹೊಡಕೊಂಡು ಬಾ," ಅಂದ.

ನಾನು ಆಗಲಿ ಅಂದೆ. ನನಗೂ ಲಾಡ್ಜ್ ಬೇಕಿತ್ತು. ಹೊಳೆಯುವ ನೆಲದ ಫರಸಿ, ಕನ್ನಡಿ ಬಾಗಿಲು ಎಲ್ಲ ಕಣ್ಣ ಮುಂದೆ ಬಂದು ಹೋಗಿದ್ದವು. ನನ್ನ ಹೆಂಡತಿ ಮಹಾನಂದಾ ಬೇಮಳಖೇಡದಿಂದ ಆ ವಾಡೆಗೇ ಸೊಸೆಯಾಗಿ ಬಂದವಳು. ಆಕೆಯನ್ನೂ ಕೇಳಿದೆ. ಆಕೆ ರೊಟ್ಟಿ ಬಡಿಯುವುದು ನಿಲ್ಲಿಸದೆ, "ಕೆಡವ್ರಿ," ಅಂದಳು. ಅಣ್ಣನಿಗೆ ಅದನ್ನೂ ತಿಳಿಸಿದೆ.

ಕ್ವಾಲಾಲಂಪುರ

ಮೊದಲ ದಿನ ನನಗೆ ಬಹಳ ಸೊಕ್ಕು ಬಂತು. ಕಾರಣ, ಅಲ್ಲಿಯ ಭಾಷೆ ನನಗೆ ಬರುತ್ತದೆ ಅನ್ನಿಸಿಬಿಟ್ಟಿತು. ಹೋಟೆಲಿನವನು ಕುರ್ಚಿಗೆ ಕೆರುಸಿ ಅಂದ. ಸಾಬೂನಿಗೆ ಸಾಬುನ್, ಅಲಮಾರಿಗೆ ಅಲ್ಮಾರಿ, ದುನಿಯಾಕ್ಕೆ ದುನಿಯಾ, ರೊಟ್ಟಿಗೆ ರೋಟಿ. ಬೆಂಗಳೂರಿಗೆ ಹೋದರೆ ನನ್ನ ಕನ್ನಡ ಅರ್ಥವಾಗದೆ ಮಂದಿ ಮುಖ ಮುಖ ನೋಡುತ್ತಾರೆ. ಇಲ್ಲಿ ಸಮುದ್ರ ದಾಟಿ ಬಂದರೆ ನಮ್ಮ ಬೀದರ ಜಿಲ್ಲೆಯ ಅರ್ಧ ಮಾತು ನಡೆಯುತ್ತಿದೆ. ನಮ್ಮ ಗುಂಪಿನ ಬೇರೆ ಊರಿನ ವ್ಯಾಪಾರಿಗಳಿಗೆ ನಾನೇ ದುಭಾಷಿಯಾದೆ. ಗೊತ್ತಿಲ್ಲದ ಶಬ್ದಕ್ಕೂ ಹೊಂದುವಂಥ ಅರ್ಥ ಹೇಳಿದೆ.

ಮಹಾನಂದಾಗೆ ಮಾತ್ರ ಒಂದು ಶಬ್ದ ಸರಿಬರಲಿಲ್ಲ. ಅಂಗಡಿಯವರು, ಬಸ್ಸಿನವರು, ಹಣ್ಣು ಮಾರುವವರು ಎಲ್ಲರೂ ಆಕೆಯನ್ನು ಕಾಕಾ ಅಂತ ಕರೆಯುತ್ತಿದ್ದರು. ನಮ್ಮಲ್ಲಿ ಕಾಕಾ ಅಂದರೆ ಅಪ್ಪನ ತಮ್ಮ. ಸೀರೆ ಉಟ್ಟು, ಹಣೆ ತುಂಬ ಕುಂಕುಮ ಇಟ್ಟ ಹೆಂಗಸನ್ನು ಕಾಕಾ ಅನ್ನುವುದು ಯಾವ ಸೀಮೆಯ ರಿವಾಜು ಅಂತ ಆಕೆ ಸಿಟ್ಟಾದಳು. ನನ್ನ ಬಳಿ ಅದಕ್ಕೆ ಅರ್ಥವಿರಲಿಲ್ಲ. ಅದು ಅಕ್ಕ ಅನ್ನುವುದಕ್ಕೆ ಅವರ ಮಾತು ಅಂತ ಬಸ್ಸಿನ ಡ್ರೈವರ್ ಹೇಳಿದ ಮೇಲೆ ಆಕೆ ತಣ್ಣಗಾದಳು, ನನ್ನ ದುಭಾಷಿಯ ಕೆಲಸ ಹೋಯಿತು.

ಹೋಟೆಲಿನಲ್ಲಿ ಅಣ್ಣ ಹೇಳಿದಂತೆ ಫೋಟೋ ಹೊಡೆದೆ. ನಲ್ಲಿ, ಲಿಫ್ಟು, ಬಾಗಿಲ ಹಿಡಿಕೆ. ಸ್ನಾನದ ಮನೆಯ ಬಿಸಿನೀರಿನ ಹಿಡಿಕೆ ಯಾವ ಕಡೆ ತಿರುಗಿಸಬೇಕೆಂದು ತಿಳಿಯದೆ ತಣ್ಣೀರೇ ಹೊಯ್ದುಕೊಂಡೆ, ಅದರದೂ ಫೋಟೋ ಹೊಡೆದೆ.

ಮಲಾಕಾ, ಮಳೆ ಬಂದ ಮಧ್ಯಾಹ್ನ

ಮಲಾಕಾ ಹಳೆಯ ಬಂದರು. ಅಲ್ಲಿ ಹೋಟೆಲಿನ ಕೋಣೆಗಳು ನಮ್ಮ ಗುಂಪಿಗೆ ಸಾಲಲಿಲ್ಲ. ಒಂದು ಜೋಡಿ ಹೆಚ್ಚಾಯಿತು, ಆ ಜೋಡಿ ನಾವು. ಪಕ್ಕದ ಓಣಿಯಲ್ಲಿ ಒಂದು ಹಳೇ ಮನೆಯನ್ನು ಅತಿಥಿಗೃಹ ಮಾಡಿದ್ದಾರೆ, ಎರಡು ದಿನ ಅಲ್ಲಿರಿ ಅಂದರು. ಉಳಿದ ವ್ಯಾಪಾರಿಗಳು ನಮ್ಮನ್ನು ನೋಡಿ ಅಯ್ಯೋ ಪಾಪ ಅಂದುಕೊಂಡು ಲಿಫ್ಟು ಹತ್ತಿದರು.

ಆ ಮನೆ ಹೊರಗಿನಿಂದ ಒಂದು ಅಂಗಡಿಯಷ್ಟೇ ಅಗಲ. ಒಳಗೆ ಹೋದರೆ ಹೋಗುತ್ತಲೇ ಇರಬೇಕು. ಕೆತ್ತನೆಯ ಕದ, ಎತ್ತರದ ಹೊಸ್ತಿಲು, ಕಪ್ಪು ತೊಲೆಗಳು. ಹೊಸ್ತಿಲು ಎಡವಿದೆ. ಮಾಲೀಕ ಟಾನ್ ಅಂತ, ಚೀನೀ ಮೂಲದವನು, ನನ್ನ ವಯಸ್ಸಿನವನೇ. ಇಂಗ್ಲಿಷ್ ಆಡುತ್ತಿದ್ದ, ನನ್ನ ಮುರುಕು ಇಂಗ್ಲಿಷನ್ನೂ ತಾಳಿಕೊಂಡ. ಮುಂದಿನ ಗೋಡೆಯ ಸುಣ್ಣ ದೊಡ್ಡದಾಗಿ ಕಿತ್ತು, ಒಳಗಿನ ಇಟ್ಟಿಗೆ ಕಾಣುತ್ತಿತ್ತು. ನಾನು ಗೆಳೆತನದಿಂದಲೇ, ಮಳೆಗಾಲದ ಮುಂಚೆ ಇದಕ್ಕೊಂದು ಗಾರೆಯ ಗಿಲಾವು ಮಾಡಿಸಿರಿ ಅಂದೆ. ಅವನು ನಕ್ಕು, ಅದನ್ನು ಹಾಗೇ ಉಳಿಸುವುದಕ್ಕೆ ಬೇರೆ ಊರಿನಿಂದ ಕೆಲಸಗಾರರನ್ನು ಕರೆಸಿದ್ದೆ, ಬಹಳ ಕಷ್ಟದ ಕೆಲಸ ಅಂದ. ಗೋಡೆ ಕೆಡದಂತೆ ಕೆಟ್ಟದ್ದನ್ನು ಉಳಿಸುವುದಂತೆ. ನನಗೆ ತಲೆಬುಡ ತಿಳಿಯಲಿಲ್ಲ. ನಮ್ಮ ವಾಡೆಯಲ್ಲಿ ಯಾರೂ ಏನೂ ಮಾಡದೆಯೇ ಎಲ್ಲ ಗೋಡೆಗಳೂ ಹಾಗಾಗಿವೆ.

ಅಷ್ಟರಲ್ಲಿ ಮನೆಯ ನಡುವೆ ಮಳೆ ಸುರಿಯತೊಡಗಿತು. ಮಾಡು ಸೋರುತ್ತಿದೆ ಅಂತ ನಾನು ಚೀಲಗಳನ್ನು ಎತ್ತಿಕೊಂಡು ಓಡಿದೆ. ಮಹಾನಂದಾ ಕೂತಲ್ಲಿಂದ ಏಳಲಿಲ್ಲ.

"ಅಂಗಳ ಅದ ಅದು," ಅಂದಳು.

ನೋಡಿದೆ. ಖರೆ, ಮೇಲೆ ಆಕಾಶ. ಸುತ್ತ ಪಡಸಾಲೆ, ನಡುವೆ ಕಲ್ಲು ಹಾಸಿದ ತಗ್ಗು, ಮೂಲೆಯಲ್ಲಿ ನೀರು ಹೋಗುವ ತೂಬು. ನಮ್ಮ ವಾಡೆಯಲ್ಲೂ ತೂಬು ಆ ಮೂಲೆಯಲ್ಲೇ ಇದೆ. ಯಾವ ದೇಶದ ಯಾವ ಜನ, ಇಷ್ಟು ದೂರ ಬಂದು ನಮ್ಮ ಮನೆ ಕಟ್ಟಿಕೊಂಡಿದ್ದಾರೆ ಅಂತ ನಾನು ಚೀಲ ಹಿಡಿದುಕೊಂಡೇ ನಿಂತೆ. ಸೋಮವಾರದ ಯಂತ್ರದ ನೆನಪು ಬಂದದ್ದು ಆಗ.

ಕಾಗದದ ಅಂಗಡಿ

ಮಳೆ ನಿಂತ ಮೇಲೆ ಓಣಿ ಸುತ್ತಲು ಹೋದೆವು. ಮಹಾನಂದಾ ಮಣಿ ಕೆಲಸದ ಚಪ್ಪಲಿ ನೋಡುತ್ತಿದ್ದಾಗ ನನ್ನ ಕಣ್ಣಿಗೆ ಬಿತ್ತು ಆ ಅಂಗಡಿ. ನನ್ನ ಉದ್ಯೋಗದವನು ಅದನ್ನು ದಾಟಿ ಹೋಗಲಾರ. ಕೆಂಪು ಲಕೋಟೆಗಳು, ಮಡಿಸಿದರೆ ಬೀಸಣಿಗೆಯಾಗುವ ಹಾಳೆಗಳು, ಕಾಗದದ ಅಂಗಿ, ಕಾಗದದ ಬೂಟು, ಕಾಗದದ ಗಡಿಯಾರ. ಒಂದು ಮೂಲೆಯಲ್ಲಿ ಎರಡು ಅಂತಸ್ತಿನ ಕಾಗದದ ಮನೆಯೇ ಇತ್ತು. ಅದರ ಬಾಗಿಲಿಗೆ ಕಾಗದದ ಕಾವಲುಗಾರ, ಮುಂದೆ ಕಾಗದದ ಕಾರು. ಎಲ್ಲ ಕೈಯಿಂದ ಮಾಡಿದ್ದು. ಇಷ್ಟು ಅಂದದ ಕೆಲಸವನ್ನು ನಾನು ಎಲ್ಲೂ ನೋಡಿರಲಿಲ್ಲ.

ಅದಕ್ಕಿಂತ ಹೆಚ್ಚಾಗಿ ನನ್ನನ್ನು ಹಿಡಿದದ್ದು ಒಂದು ಥರದ ಹಾಳೆ. ಒರಟಾದ ಹಳದಿ ಕಾಗದ, ನಡುವೆ ಚೌಕಾಕಾರದ ಬಂಗಾರದ ತಗಡು ಅಂಟಿಸಿದ್ದು. ನಮ್ಮಲ್ಲಿ ಬಂಗಾರದ ಮಸಿ ಹಾಕಿದರೆ ಒಂದೇ ತಿಂಗಳಲ್ಲಿ ಕಪ್ಪಾಗುತ್ತದೆ. ಇದು ಬೆಳಕಿಗೆ ಹಿಡಿದರೆ ಹೊಸ ಬೋರಮಾಳ ಸರದ ಹಾಗೆ ಹೊಳೆಯುತ್ತಿತ್ತು. ನಡುವಿನ ಬಂಗಾರದಲ್ಲಿ ವಧೂವರರ ಹೆಸರು, ಕೆಳಗೆ ಮುಹೂರ್ತ. ಮುಂದಿನ ಸುಗ್ಗಿಯ ಲಗ್ನಗಳಿಗೆ ಹುಮನಾಬಾದ್, ಚಿಟಗುಪ್ಪಾ, ಕಲ್ಯಾಣ ಎಲ್ಲ ನನ್ನ ಅಂಗಡಿಗೇ ಬರುತ್ತದೆ ಅಂತ ಅಲ್ಲೇ ನಿರ್ಧಾರ ಮಾಡಿದೆ. ದೊಡ್ಡ ಕಟ್ಟೊಂದನ್ನು ಕೊಂಡೆ. ಅಂಗಡಿಯವನು ತಲೆ ಬಗ್ಗಿಸಿ, ಎರಡೂ ಕೈಯಿಂದ ಕಟ್ಟು ಕೊಟ್ಟ, ನಗಲಿಲ್ಲ. ಎಂಥ ಗಂಭೀರ ವ್ಯಾಪಾರಸ್ಥರು ಅಂತ ಮೆಚ್ಚಿಕೊಂಡೆ.

ಅದೇ ಸಂಜೆ

ಅತಿಥಿಗೃಹದಲ್ಲಿ ಅಡುಗೆ, ಕಸ ಎಲ್ಲ ನೋಡಿಕೊಳ್ಳುವ ಮುದುಕಿಯೊಬ್ಬಳಿದ್ದಳು. ಎಲ್ಲರೂ ಆಕೆಯನ್ನು ಆಸೋ ಅನ್ನುತ್ತಿದ್ದರು. ಇಂಗ್ಲಿಷ್ ಬಾರದು. ಮಲೇಶಿಯಾದಲ್ಲಿ ನೆಲೆಸಿದ ಭಾರತದ ಜನ ಮಲಯ ಭಾಷೆ ಆಡುತ್ತಾರಲ್ಲ, ನಾವೂ ಅಂಥವರೇ ಅಂತ ನಮ್ಮ ಜೊತೆ ಅದನ್ನೇ ಆಡುತ್ತಿದ್ದಳು. ನಾನು ಕಟ್ಟನ್ನು ಪಡಸಾಲೆಯ ಮೇಜಿನ ಮೇಲಿಟ್ಟೆ. ಆಕೆ ನೋಡಿದಳು, ಮುಖ ಸಣ್ಣದಾಯಿತು. ಹತ್ತಿರ ಬಂದು ಮೆಲ್ಲಗೆ ಏನೋ ಕೇಳಿದಳು.

ನನಗೆ ಕೇಳಿಸಿದ್ದು ಇಷ್ಟು: "ಛಾಪಾ ಮಾತಿ?"

ನನಗೆ ಆದ ಸಂತೋಷ ಹೇಳತೀರದು. ಛಾಪಾ! ಈ ಮುದುಕಿಗೆ ನನ್ನ ಕಸುಬು ಗೊತ್ತಾಗಿಬಿಟ್ಟಿದೆ. ಮಾತಿ ಅಂದರೆ ಮಾತುಕತೆ ಇರಬೇಕು, ನಮ್ಮಲ್ಲಿ ಲಗ್ನ ಗೊತ್ತಾಗುವುದಕ್ಕೆ ಮಾತಾಯಿತು ಅನ್ನುವುದಿಲ್ಲವೇ, ಹಾಗೆ. ಛಾಪಿಸಿದ ಕಾಗದ, ಲಗ್ನದ ಮಾತು. ನಾನು ಎದೆ ಮುಟ್ಟಿಕೊಂಡು, "ಹೌದ್ರಿ, ಛಾಪಾ, ನಂದೇ, ನಂದೇ," ಅಂದೆ. ನಗುನಗುತ್ತ ಅಂದೆ.

ಆಸೋ ನನ್ನ ತೋಳು ಸವರಿದಳು. ಮಹಾನಂದಾಳ ಎರಡೂ ಕೈ ಹಿಡಿದುಕೊಂಡು ಬಹಳ ಹೊತ್ತು ಏನೇನೋ ಹೇಳಿದಳು. ಆಮೇಲೆ ಆ ಸಂಜೆಯ ಉಪಚಾರವೇ ಉಪಚಾರ. ಚಹ ಬಂತು, ಅನ್ನದ ಗಂಜಿ ಬಂತು. ರೇಡಿಯೋ ಬಂದ್ ಆಯಿತು. ಬೇರೆ ಕೋಣೆಯ ಅತಿಥಿಗಳು ನಮ್ಮ ಮುಂದೆ ದನಿ ತಗ್ಗಿಸಿ ನಡೆದರು. ಛಾಪಖಾನೆಯವರಿಗೆ ಇಂಥ ಮರ್ಯಾದೆ ಹುಮನಾಬಾದಿನಲ್ಲಿ ಎಂದೂ ಸಿಗಲಿಲ್ಲ ಅಂತ ಮಹಾನಂದಾಗೆ ಹೇಳಿದೆ. ಆಕೆ ಗಂಜಿ ನೋಡಿ, ನಮ್ಮಲ್ಲಿ ಇದನ್ನು ಜ್ವರ ಬಂದವರಿಗೆ ಕೊಡುತ್ತಾರೆ ಅಂದಳು, ಅಷ್ಟೇ.

ಮರುದಿನ

ಬೆಳಿಗ್ಗೆ ಟಾನ್ ಬಿಳಿ ಅಂಗಿ ಹಾಕಿಕೊಂಡು ಬಂದು, ಸತ್ತವರು ಯಾರು ಅಂತ ಕೇಳಿದ. ನಾನು ಕಣ್ಣು ಕಣ್ಣು ಬಿಟ್ಟೆ. ಆಸೋ ಕೇಳಿದ್ದು ಛಾಪಾ ಅಲ್ಲ, ಸಿಯಾಪಾ ಅಂತ ಅವನು ಬಿಡಿಸಿ ಹೇಳಿದ ಮೇಲೆ ತಿಳಿಯಿತು: ಸಿಯಾಪಾ ಅಂದರೆ ಯಾರು, ಮಾತಿ ಅಂದರೆ ಸಾಯುವುದು. ಆ ಕಾಗದವನ್ನು ಸತ್ತವರಿಗಾಗಿ ಸುಡುತ್ತಾರೆ, ಹೊಗೆಯಾಗಿ ಅವರಿಗೆ ಬಂಗಾರ ಮುಟ್ಟುತ್ತದೆ. ಅಂಗಿ, ಬೂಟು, ಮನೆ, ಕಾರು ಎಲ್ಲ ಅದಕ್ಕೇ. ಯಾರು ಸತ್ತರು ಅಂದರೆ ನಾನು ನನ್ನ ಎದೆ ಮುಟ್ಟಿಕೊಂಡು ನಂದೇ ನಂದೇ ಅಂದಿದ್ದೆ.

ನನ್ನ ಮುಖ ನೋಡಿ ಟಾನ್ ನಗು ತಡೆದುಕೊಂಡ. ಮಹಾನಂದಾ ತಡೆದುಕೊಳ್ಳಲಿಲ್ಲ, ಸೆರಗು ಬಾಯಿಗೆ ತುರುಕಿಕೊಂಡು ನಕ್ಕಳು. ವಧೂವರರ ಹೆಸರನ್ನು ಆ ಬಂಗಾರದಲ್ಲಿ ಬರೆದು ಊರೂರು ಹಂಚಿದ್ದರೆ ಅಂತ ನೆನೆದು ನನಗೆ ಬೆವರು ಬಂತು. ಯಾರಿಗೂ ಗೊತ್ತಾಗುತ್ತಿರಲಿಲ್ಲ ಅನ್ನುವುದು ಬೇರೆ ಮಾತು, ನನಗೆ ಗೊತ್ತಾಗಿತ್ತಲ್ಲ. ಕಟ್ಟನ್ನು ಆಸೋಗೆ ಕೊಟ್ಟೆ. ಆಕೆ ಅಂದೇ ಅಂಗಳದ ಡಬ್ಬಿಯಲ್ಲಿ ತನ್ನ ಗಂಡನಿಗಾಗಿ ಒಂದೊಂದೇ ಹಾಳೆ ಮಡಿಸಿ ಸುಟ್ಟಳು. ಮಹಾನಂದಾ ಪಕ್ಕದಲ್ಲಿ ಕೂತು ಮಡಿಸಿಕೊಟ್ಟಳು.

ಟಾನ್ ನಮಗೆ ಮನೆ ತೋರಿಸಿದ. ಅವನ ಅಜ್ಜನ ಮನೆ ಅದು. ಮುಂದಿನ ಹಜಾರಕ್ಕೂ ಒಳಮನೆಗೂ ನಡುವೆ ಕೆತ್ತನೆಯ ಮರದ ತೆರೆ. ಗಂಡಸರು ಮುಂದೆ ಅತಿಥಿಗಳ ಜೊತೆ, ಹೆಂಗಸರು ತೆರೆಯ ಹಿಂದೆ. ಮಹಡಿಯ ನೆಲದಲ್ಲಿ ಸಣ್ಣ ಕಿಂಡಿ, ಅದಕ್ಕೊಂದು ಮರದ ಬಿರಡೆ. ಬಾಗಿಲಿಗೆ ಯಾರು ಬಂದರೆಂದು ಹೆಂಗಸರು ಮೇಲಿನಿಂದ ಬಗ್ಗಿ ನೋಡುತ್ತಿದ್ದರಂತೆ. ನಾನು ಅದರ ಕೆತ್ತನೆಯ ಫೋಟೋ ಹೊಡೆದೆ. ಮಹಾನಂದಾ ನೆಲದ ಮೇಲೆ ಬೋರಲು ಮಲಗಿ, ಕಿಂಡಿಗೆ ಕಣ್ಣಿಟ್ಟು ನೋಡಿದಳು. ಎದ್ದು ಸೀರೆ ಕೊಡವಿಕೊಂಡು, ಅಡುಗೆಮನೆ ಎಲ್ಲಿತ್ತು ಅಂತ ಕೇಳಿರಿ ಅಂದಳು.

ಟಾನ್ ಕರೆದೊಯ್ದ. ಈಗ ಅದು ಅತಿಥಿಗಳು ಪುಸ್ತಕ ಓದುವ ಕೋಣೆ. ಬೆತ್ತದ ಕುರ್ಚಿ, ಕಾಗದದ ದೀಪ, ಗೋಡೆ ಒಡೆದು ಹೊಸದಾಗಿ ಇಟ್ಟ ದೊಡ್ಡ ಕಿಟಕಿ. ಮೇಲಿನ ತೊಲೆ ಮಾತ್ರ ಹೊಗೆಗೆ ಕಪ್ಪಾಗಿ ಹಾಗೇ ಇತ್ತು. ತನ್ನ ಅಜ್ಜಿಯ ಆಯುಷ್ಯವೆಲ್ಲ ಇಲ್ಲೇ ಕಳೆಯಿತು, ಆಗ ಕಿಟಕಿ ಇರಲಿಲ್ಲ ಅಂದ. ಮಹಾನಂದಾ ಕುರ್ಚಿಯ ಮೇಲೆ ನಿಂತು ತೊಲೆ ಮುಟ್ಟಿ, ಬೆರಳು ನೋಡಿಕೊಂಡಳು.

"ಸತ್ತವರಿಗೆ ಎರಡಂತಸ್ತಿನ ಮನಿ ಸುಡ್ತಾರಂತ. ಇದ್ದಾಕಿಗಿ ಒಂದು ಕಿಟಕಿ ಇಡಲಿಲ್ಲ ನೋಡ್ರಿ," ಅಂದಳು. ಟಾನ್‌ಗೆ ಇದನ್ನು ಇಂಗ್ಲಿಷಿನಲ್ಲಿ ಹೇಳಲು ನನಗೆ ಬರಲಿಲ್ಲ.

ಟೆಲಿಫೋನ್ ಮುಂದೆ

ನನ್ನ ತಲೆಯೊಳಗೆ ಮಾತ್ರ ಒಂದೇ ಸಮನೆ ಕಲ್ಯಾಣದ ವಾಡೆ. ಆ ದರ್ವಾಜಾ ಹಾಗೇ ಇರಲಿ, ಗೋಡೆ ಹಾಗೇ ಇರಲಿ, ಪಡಸಾಲೆಯಲ್ಲಿ ಬೆತ್ತದ ಕುರ್ಚಿ, ದಿವಾನಖಾನೆಯಲ್ಲಿ ಮಂಚ. ಕೆಡವುವುದು ಬೇಡ. ಮಧ್ಯಾಹ್ನ ಮಹಡಿಯ ನಮ್ಮ ಕೋಣೆಯಲ್ಲಿ ಇದನ್ನೆಲ್ಲ ಮಹಾನಂದಾಗೆ ಹೇಳಿದೆ. ಬಹಳ ಉತ್ಸಾಹದಿಂದ ಹೇಳಿದೆ. ಆಕೆ ಓಣಿಯ ಕಡೆಯ ಕಿಟಕಿಯಲ್ಲಿ ಕೂತಿದ್ದಳು. ಬಂದಾಗಿನಿಂದ ಅದೇ ಆಕೆಯ ಜಾಗವಾಗಿತ್ತು.

ಆಕೆ ತಿರುಗಿ ನೋಡಿ, ತನ್ನ ಪಾಲಿನ ವಾಡೆ ಎಂಥದ್ದೆಂದು ಹೇಳಿದಳು. ಹೊಗೆಗೆ ಕಣ್ಣು ಉರಿಯುವ ಅಡುಗೆಮನೆ. ಹೊರಗಿನ ಬಾವಿಯಿಂದ ಕೊಡ ಹೊತ್ತು, ಬಗ್ಗಿ ಬರಬೇಕಾದ ಬಾಗಿಲು. ಗಂಡಸರು ಏಳುವ ಮುಂಚೆ ಕತ್ತಲಲ್ಲೇ ದಿವಾನಖಾನೆಯ ಕಸ ಹೊಡೆದು ಇಳಿದುಬರಬೇಕು. ಚಹ ಬೇಕೆಂದು ಮೇಲಿನಿಂದ ಕೂಗಿದರೆ, ಮೆಟ್ಟಿಲ ತುದಿಗೆ ಇಟ್ಟು ಬರಬೇಕು, ಗಂಡಸರಿದ್ದಾಗ ಒಳಗೆ ಕಾಲಿಡುವಂತಿಲ್ಲ. ಇವೆಲ್ಲ ನನಗೆ ಗೊತ್ತಿರಲಿಲ್ಲ ಅಂತೇನಲ್ಲ. ಆಕೆ ಒಂದರ ಪಕ್ಕ ಒಂದು ಇಟ್ಟು ಹೇಳಿದಾಗ ಬೇರೆ ಮನೆಯೊಂದರ ಕಥೆ ಕೇಳಿದಂತಾಯಿತು.

"ನಿಮಗ ವಾಡೆ ಅಂದ್ರ ದಿವಾನಖಾನಿ," ಅಂದಳು. "ನನಗ ವಾಡೆ ಅಂದ್ರ ಅಡಗಿಮನಿ. ಎರಡೂ ಒಂದೇ ಮನಿ ಅಂತ ನೀವು ತಿಳಕೊಂಡೀರಿ."

ಕೆಡವಿದರೆ ಆ ಅಂಗಳ, ಆ ತೊಲೆ ಹೋಗುತ್ತವೆ. ಉಳಿಸಿದರೆ ಆಕೆಯ ಹೊಗೆಯನ್ನು ಚಂದದ ದೀಪ ಹಚ್ಚಿ ಮಂದಿಗೆ ತೋರಿಸಿದಂತೆ. ಕೆಡವಲು ಹೇಳಿದ್ದು ಆಕೆ. ಆಕೆಗೆ ಆ ಹಕ್ಕಿತ್ತು. ನಾನು ಕೆಳಗಿಳಿದು ಅಂಗಳದಲ್ಲಿ ಕೂತೆ, ಎದ್ದೆ, ಮತ್ತೆ ಕೂತೆ. ಮರುದಿನ ನಮ್ಮ ಗುಂಪು ಹೊರಡುತ್ತಿತ್ತು. ಅಣ್ಣನಿಗೆ ಹೇಳುವುದಿದ್ದರೆ ಈಗಲೇ ಹೇಳಬೇಕು, ಏನು ಹೇಳಬೇಕೆಂಬುದೇ ತಿಳಿಯುತ್ತಿರಲಿಲ್ಲ.

ಎಷ್ಟೋ ಹೊತ್ತಿನ ಮೇಲೆ ಆಕೆ ಇಳಿದು ಬಂದಳು. ಭಾವನವರಿಗೆ ಫೋನ್ ಹಚ್ಚಿ ಅಂದಳು. ಏನು ಹೇಳಲಿ ಅಂದರೆ, ನಿಮಗೆ ತಿಳಿದದ್ದು ಹೇಳಿ ಅಂದಳು.

ಟಾನ್‌ನ ಮೇಜಿನ ಮೇಲಿನ ಫೋನಿನಿಂದ ಹಚ್ಚಿದೆ. ಅಣ್ಣ ಅಡತಿಯಲ್ಲಿದ್ದ. ವಾಡೆ ಕೆಡವುವುದು ಬೇಡ, ಇಲ್ಲಿ ಹಳೇ ಮನೆಯನ್ನೇ ರಿಪೇರಿ ಮಾಡಿ ಮಂದಿಯನ್ನು ಇಳಿಸುತ್ತಾರೆ, ಗೋಡೆಯ ಸುಣ್ಣ ಕಿತ್ತಿದ್ದರೂ ನಡೆಯುತ್ತದೆ ಅಂದೆ. ಹವಾ ಬದಲಾಗಿ ನನ್ನ ತಲೆ ಕೆಟ್ಟಿದೆ ಅಂತ ಅಣ್ಣನಿಗೆ ಅನ್ನಿಸಿತು. ಕಿತ್ತ ಗೋಡೆ ನೋಡಲು ಯಾವ ಹುಚ್ಚ ಬರುತ್ತಾನೆ ಅಂತ ಕೇಳಿದ.

"ಮಹಾನಂದಾನೇ ಕೆಡವ್ರಿ ಅಂದಾಳಂತ ನೀನೇ ಹೇಳಿದ್ದಿ," ಅಂದ. "ಆ ಮನ್ಯಾಗ ದುಡದಾಕಿ ಆಕಿ. ಆಕಿ ಏನಂತಾಳ ಹೇಳು, ಹಂಗ ಮಾಡಮು."

ಮಹಾನಂದಾ ನನ್ನ ಪಕ್ಕದಲ್ಲೇ ನಿಂತಿದ್ದಳು. ಲಗ್ನವಾಗಿ ಬಂದ ಮೇಲೆ ಆಕೆ ನನ್ನ ಅಣ್ಣನ ಜೊತೆ ನೇರವಾಗಿ ಮಾತಾಡಿದ್ದೇ ಇಲ್ಲ. ಏನಿದ್ದರೂ ನಮ್ಮ ವೈನಿಯ, ಅಂದರೆ ಅಣ್ಣನ ಹೆಂಡತಿಯ ಮೂಲಕ, ಇಲ್ಲವೇ ಬಾಗಿಲ ಮರೆಯಿಂದ ಗೋಡೆಗೆ ಹೇಳಿದಂತೆ. ಆಕೆ ಕೈ ಚಾಚಿದಳು. ರಿಸೀವರ್ ಕೊಟ್ಟೆ. ಮಲಾಕಾದ ಆ ಹಜಾರದಲ್ಲಿ ನೋಡುವವರು ಯಾರೂ ಇರಲಿಲ್ಲ, ಆದರೂ ಆಕೆ ಮೊದಲು ತಲೆಯ ಮೇಲೆ ಸೆರಗು ಎಳೆದುಕೊಂಡಳು. ಕೆಡವ್ರಿ ಅನ್ನುತ್ತಾಳೋ, ಬ್ಯಾಡ ಅನ್ನುತ್ತಾಳೋ ನನಗೆ ಅಂದಾಜಿರಲಿಲ್ಲ. ನಾನು ರಿಸೀವರಿಗೆ ಕಿವಿ ಹಚ್ಚಿ ನಿಂತೆ.

"ಭಾವಾರ, ನಾ ಮಾತಾಡಾಕತ್ತೇನಿ," ಅಂದಳು. "ಈಗೇ ಕೆಡವಬ್ಯಾಡ್ರಿ. ದಿವಾನಖಾನಿ ಕಿಟಕ್ಯಾಗ ಹಗಲೊತ್ತಿನ್ಯಾಗ ಕುಂತರ ಓಣಿ ಹ್ಯಾಂಗ ಕಾಣ್ತದ, ನಾ ಇನ್ನೂ ನೋಡಿಲ್ರಿ."

ಆ ಕಡೆ ಅಡತಿಯಲ್ಲಿ ಯಾರೋ ತೊಗರಿಯ ಚೀಲ ನೆಲಕ್ಕೆ ಇಳಿಸಿದ ಸದ್ದು ಕೇಳಿತು.

"ಬಾರವ್ವಾ," ಅಂದ ಅಣ್ಣ. "ಕೀಲಿ ನಿನ್ನ ಕೈಯಾಗೇ ಕೊಡ್ತೀನಿ."